ಎಡೆದೊರೆಯ ಬೆಂಕಿ

ಕೃಷ್ಣೆ ತುಂಗಭದ್ರೆಯರ ನಡುವಣ ನೆಲವನ್ನು ನಮ್ಮ ಹಳೆಯ ಶಾಸನಗಳು ‘ಎಡೆದೊರೆ ನಾಡು’ ಎಂದು ಕರೆಯುತ್ತವೆ. ಆ ನೆಲಕ್ಕಾಗಿ ಅರಸರು ತಲೆಮಾರುಗಟ್ಟಲೆ ಕಾದಾಡಿದರು; 1520ರಲ್ಲಿ ಕೃಷ್ಣದೇವರಾಯನು ಬಿಜಾಪುರದ ಸುಲ್ತಾನನನ್ನು ಸೋಲಿಸಿದ್ದು ಅಲ್ಲಿಯೇ. ತರಗತಿಯಲ್ಲಿ ಈ ಸಂಗತಿಯನ್ನು ಹೇಳುವಾಗಲೆಲ್ಲ ಅದೇ ನಾಡಿನ ಇನ್ನೊಂದು ಚರಿತ್ರೆ ನನ್ನ ಮನಸ್ಸಿಗೆ ಬರುತ್ತದೆ. ಅದು ರಾಯಚೂರಿನ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಚರಿತ್ರೆ.

ನಮ್ಮಲ್ಲಿ ವಿದ್ಯುತ್ತು ನೀರಿನ ಕೂಸು. 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಹುಟ್ಟಿದ ಶಕ್ತಿಯು ಸುಮಾರು 147 ಕಿಲೋಮೀಟರ್ ತಂತಿಯ ಹಾದಿ ನಡೆದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂತು. 1940ರ ದಶಕದ ಕೊನೆಗೆ ಜೋಗವೂ, 1960ರ ದಶಕದಲ್ಲಿ ಲಿಂಗನಮಕ್ಕಿಯ ನೀರಿನಿಂದ ನಡೆಯುವ ಶರಾವತಿ ಕೇಂದ್ರವೂ ಕೂಡಿಕೊಂಡವು. ನೀರಿಗೆ ಬೆಲೆ ತೆರಬೇಕಾಗಿರಲಿಲ್ಲ, ವಿದ್ಯುತ್ತು ಅಗ್ಗವಾಗಿತ್ತು. ಆದರೆ ಮುಂಗಾರು ಮುನಿದ ವರ್ಷ ಜಲಾಶಯದೊಡನೆ ಕಾರ್ಖಾನೆಯೂ ಬಡವಾಗುತ್ತಿತ್ತು. ಒಂದು ನಾಡಿನ ಬೆಳಕನ್ನೆಲ್ಲ ಮೋಡಗಳ ಮರ್ಜಿಗೆ ಬಿಟ್ಟು ಕೂರುವುದೆಂತು?

ಈ ಪ್ರಶ್ನೆಗೆ ಉತ್ತರವಾಗಿ ಬಂದದ್ದು ರಾಯಚೂರಿನ ಕೇಂದ್ರ. ಕೃಷ್ಣೆಯ ದಂಡೆಯ ಮೇಲೆ, ಶಕ್ತಿನಗರವೆಂದು ಹೆಸರಾದ ಸ್ಥಳದಲ್ಲಿ, 210 ಮೆಗಾವಾಟ್‌ನ ಮೊದಲ ಘಟಕವು 1985ರಲ್ಲಿ ಚಾಲನೆಗೆ ಬಂತು. ಒಂದಾದ ಮೇಲೊಂದರಂತೆ ಅಂಥವು ಏಳಾದವು. 250 ಮೆಗಾವಾಟ್‌ನ ಎಂಟನೆಯದು 2010ರಲ್ಲಿ ಸೇರಿತು. ಒಟ್ಟು ಸಾಮರ್ಥ್ಯ 1,720 ಮೆಗಾವಾಟ್.

ಕಲ್ಲಿದ್ದಲನ್ನು ಹಿಟ್ಟಿನಂತೆ ನುಣ್ಣಗೆ ಬೀಸಿ, ಬಿಸಿಗಾಳಿಯೊಡನೆ ಒಲೆಗೆ ಊದುತ್ತಾರೆ. ಅದರ ಉರಿಯಿಂದ ನೀರು ಉಗಿಯಾಗುತ್ತದೆ, ಉಗಿ ಚಕ್ರವನ್ನು ತಿರುಗಿಸುತ್ತದೆ, ಚಕ್ರವು ವಿದ್ಯುತ್ತನ್ನು ಹುಟ್ಟಿಸುತ್ತದೆ. ಆರಿದ ಒಲೆ ಮತ್ತೆ ಕಾಯಬೇಕಾದರೆ ಗಂಟೆಗಟ್ಟಲೆ ಕಾಲ ಬೇಕು. ಜಲವಿದ್ಯುತ್ತಿನ ಚಕ್ರವಾದರೋ ಬಾಗಿಲು ತೆರೆದ ಕೆಲವೇ ನಿಮಿಷಗಳಲ್ಲಿ ತಿರುಗುತ್ತದೆ. ಆದುದರಿಂದ ಹಗಲಿರುಳಿನ ಅಡಿಹೊರೆಯನ್ನು ರಾಯಚೂರು ಹೊತ್ತಿತು. ಸಂಜೆ ಎಲ್ಲ ಮನೆಗಳಲ್ಲಿಯೂ ದೀಪ ಹತ್ತುವ ಹೊತ್ತಿಗೆ ಶರಾವತಿ ಕೈಗೂಡಿಸಿದಳು. ಹೀಗೆ ಬೆಂಕಿಯು ನೀರನ್ನು ಬೇಸಗೆಗಾಗಿ ಉಳಿಸಿಕೊಟ್ಟಿತು. ಈ ಕೇಂದ್ರದ ದೊಡ್ಡ ಉಪಕಾರವೆಂದರೆ ಇದೇ ಎಂದು ನನ್ನ ಎಣಿಕೆ.

ಉಪಕಾರಕ್ಕೆ ಬೆಲೆಯೂ ಉಂಟು. ಕರ್ನಾಟಕದ ಮಣ್ಣಿನಲ್ಲಿ ಕಲ್ಲಿದ್ದಲಿಲ್ಲ. ಸಿಂಗರೇಣಿಯಂಥ ದೂರದ ಗಣಿಗಳಿಂದ ಅದು ರೈಲಿನಲ್ಲಿ ಬರಬೇಕು. ರೈಲು ತಡವಾದರೆ ಬೆಂಗಳೂರು ಚಿಂತಿಸಬೇಕು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಸರಿಸುಮಾರು ಮೂರನೆಯ ಒಂದು ಪಾಲು ಬೂದಿ. ಅದರಲ್ಲಿ ಕೆಲವಂಶ ಸಿಮೆಂಟಿಗೂ ಇಟ್ಟಿಗೆಗೂ ಸಲ್ಲುತ್ತದೆ. ಉಳಿದದ್ದು ಹೊಂಡಗಳಲ್ಲಿ ನಿಲ್ಲುತ್ತದೆ. ಬೆಳಕು ತಂತಿಯ ಮೇಲೆ ದಕ್ಷಿಣಕ್ಕೆ ಹೋಗುತ್ತದೆ. ಬೂದಿ ಮಾತ್ರ ಎಡೆದೊರೆಯಲ್ಲಿಯೇ ಉಳಿಯುತ್ತದೆ. ಸ್ವಿಚ್ಚು ಒತ್ತುವ ನಾವು ಲೆಕ್ಕ ಬರೆಯುವಾಗ ಈ ಬಾಬನ್ನು ಬಿಟ್ಟುಬಿಡುವುದು ನ್ಯಾಯವೆನಿಸದು.

ಈಗ ಕಾಲ ಮತ್ತೆ ಹೊರಳಿದೆ. ಪಾವಗಡದ ಬಯಲಿನಲ್ಲಿ 2019ರ ವೇಳೆಗೆ 2,050 ಮೆಗಾವಾಟ್‌ನ ಸೌರ ಉದ್ಯಾನ ಎದ್ದುನಿಂತಿತು. ಬಿಸಿಲು ಚೆನ್ನಾಗಿರುವ ಹಗಲಿನಲ್ಲಿ ರಾಯಚೂರಿನ ಒಲೆಗಳನ್ನು ತಗ್ಗಿಸುವುದುಂಟು. ಆದರೆ ಸೂರ್ಯ ಮುಳುಗಿದ ಮೇಲೆ, ಅದರಲ್ಲಿಯೂ ಮಳೆಯಿಲ್ಲದ ವರ್ಷದ ಬೇಸಗೆಯಲ್ಲಿ, ಹಳೆಯ ಒಲೆಯ ಕಡೆಗೇ ನಾಡು ಮುಖಮಾಡುತ್ತದೆ. ಮುಂದೊಂದು ದಿನ ಅದು ಆರಬಹುದು. ಆರಬೇಕೆಂಬುವರ ಮಾತಿನಲ್ಲಿ ಹುರುಳೂ ಇದೆ. ಅಂದು ಆ ಊರಿನ ದುಡಿಮೆಗಾರರಿಗೆ ಬೇರೊಂದು ಕಸುಬನ್ನೂ, ಆ ನೆಲಕ್ಕೆ ಬೂದಿಯಿಂದ ಬಿಡುಗಡೆಯನ್ನೂ ಕೊಡುವುದು, ಇಷ್ಟು ವರ್ಷ ಅದರ ಬೆಳಕಿನಲ್ಲಿ ಓದಿದ, ಉಂಡ ನಮ್ಮೆಲ್ಲರ ಹೊಣೆ.