ಹೆರಿಗೆಯ ಮದ್ದು ಮಂಡಿಗೆ ಬಂದ ದಾರಿ

ಹುಣಸೂರು, ಪಿರಿಯಾಪಟ್ಟಣದ ತಂಬಾಕು ಹೊಲಗಳಲ್ಲಿ, ಕೆ.ಆರ್. ನಗರದ ಗದ್ದೆಗಳಲ್ಲಿ ವರ್ಷಗಟ್ಟಲೆ ಬಗ್ಗಿ ದುಡಿದ ಹೆಂಗಸರಿಗೆ ಮಂಡಿನೋವು ಹೊಸದಲ್ಲ. ಕೃತಕ ಮಂಡಿ ಹಾಕಿಸಬೇಕು ಎಂದು ವೈದ್ಯರು ಹೇಳಿದರೆ ಮನೆಯವರಿಗೆ ಮೊದಲು ದುಡ್ಡಿನ ಚಿಂತೆ, ಆಮೇಲೆ ರಕ್ತದ ಚಿಂತೆ. ಹೆಚ್.ಡಿ. ಕೋಟೆಯ ಹಾಡಿಯಿಂದ ಬಂದವರಿಗೆ ಮೈಸೂರಿನಲ್ಲಿ ರಕ್ತ ಕೊಡುವ ನೆಂಟರು ಎಲ್ಲಿಂದ ಸಿಗಬೇಕು?

ದುಡ್ಡಿನ ಭಾರವನ್ನು 2017ರ ಆಗಸ್ಟ್ ತುಸು ಇಳಿಸಿತು. ಬೆಂಗಳೂರಿನವರೇ ಆದ ಆಗಿನ ಕೇಂದ್ರ ಸಚಿವ ಅನಂತಕುಮಾರ್ ಕೃತಕ ಮಂಡಿಯ ಬೆಲೆಗೆ ಮಿತಿ ಘೋಷಿಸಿದರು. ಸಾಮಾನ್ಯ ಕೋಬಾಲ್ಟ್-ಕ್ರೋಮಿಯಂ ಮಂಡಿಗೆ ಆಗ ಗೊತ್ತುಮಾಡಿದ್ದು 54,720 ರೂಪಾಯಿ, ತೆರಿಗೆ ಬೇರೆ.

ರಕ್ತದ ಚಿಂತೆ ಕಡಿಮೆಯಾದ ಕತೆ ಇನ್ನೂ ಹಳೆಯದು. ಎರಡನೇ ಮಹಾಯುದ್ಧದಲ್ಲಿ ಸೋತು ಬಡವಾಗಿದ್ದ ಜಪಾನಿನಲ್ಲಿ ಉತಾಕೊ ಒಕಾಮೊಟೊ ಮತ್ತು ಅವರ ಪತಿ ಶೊಸುಕೆ ರಕ್ತದ ಮೇಲೆ ಸಂಶೋಧನೆಗೆ ಇಳಿದರು. ಬೇರೇನೂ ಸಿಗದಿದ್ದರೆ ತಮ್ಮದೇ ರಕ್ತ ಬಳಸಬಹುದಲ್ಲ ಎಂಬುದು ಅವರ ಲೆಕ್ಕ. ಮಗು ನೋಡಿಕೊಳ್ಳುವವರಿಲ್ಲದೆ ಉತಾಕೊ ಮಗಳನ್ನು ಬೆನ್ನಿಗೆ ಕಟ್ಟಿಕೊಂಡೇ ಪ್ರಯೋಗಾಲಯದಲ್ಲಿ ದುಡಿದರು. ಹೆರಿಗೆಯಲ್ಲಿ ರಕ್ತ ಹೋಗಿ ಸಾಯುವ ತಾಯಂದಿರನ್ನು ಉಳಿಸಬೇಕೆಂಬುದು ಅವರ ಹಂಬಲ. 1962ರಲ್ಲಿ ಅವರು ಕಂಡುಹಿಡಿದ ಮದ್ದು ಟ್ರಾನೆಕ್ಸಾಮಿಕ್ ಆಮ್ಲದ ವಿವರ ಪ್ರಕಟವಾಯಿತು. ಆದರೆ ಜಪಾನಿನ ಕೋಬೆ ನಗರದ ಪ್ರಸೂತಿ ವೈದ್ಯರು ಅದನ್ನು ಪರೀಕ್ಷಿಸಲು ಮುಂದೆ ಬರಲೇ ಇಲ್ಲ. ಈ ಮದ್ದಿನ ಇಡೀ ಚರಿತ್ರೆಯಲ್ಲಿ ಮನಸ್ಸಿಗೆ ಹೆಚ್ಚು ನೋವು ಕೊಡುವುದು ಇದೇ.

ಹೆರಿಗೆಗೆಂದು ಹುಡುಕಿದ ಮದ್ದು ಮಂಡಿಗೂ ಉಪಯೋಗಕ್ಕೆ ಬಂತು. ಮಂಡಿ ಶಸ್ತ್ರಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ತೊಡೆಗೆ ಬಿಗಿಪಟ್ಟಿ ಕಟ್ಟಿ ರಕ್ತ ತಡೆಯುತ್ತಾರೆ. ಪಟ್ಟಿ ಸಡಿಲಿಸಿದೊಡನೆ ಹೆಪ್ಪು ಕರಗಿಸುವ ಪ್ಲಾಸ್ಮಿನ್ ಚುರುಕಾಗಿ, ಗಂಟೆಗಟ್ಟಲೆ ರಕ್ತ ಜಿನುಗುತ್ತದೆ. ಟ್ರಾನೆಕ್ಸಾಮಿಕ್ ಆಮ್ಲ ಹೊಸದಾಗಿ ಹೆಪ್ಪು ಕಟ್ಟಿಸುವುದಿಲ್ಲ, ಕಟ್ಟಿದ ಹೆಪ್ಪನ್ನು ಕರಗಲು ಬಿಡುವುದಿಲ್ಲ. 1996ರಲ್ಲಿ ಸ್ವೀಡನ್ನಿನ ವೈದ್ಯರು 86 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲ ಪ್ರಕಟಿಸಿದರು. ಮದ್ದು ಪಡೆದವರಲ್ಲಿ ರಕ್ತನಷ್ಟ ಸುಮಾರು ಅರ್ಧಕ್ಕೆ ಇಳಿದಿತ್ತು.

ಅಷ್ಟಾದರೂ ಭಯ ಹೋಗಲಿಲ್ಲ. ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟೀತು ಎಂದು ಮೂಳೆ ವೈದ್ಯರು ಅಂಜುತ್ತಿದ್ದರು. ಇದೇ ಮದ್ದನ್ನು ಗಾಯಾಳುಗಳಲ್ಲಿ ಪರೀಕ್ಷಿಸಿ 2010ರಲ್ಲಿ ಬಂದ ಕ್ರ್ಯಾಶ್-2 ಅಧ್ಯಯನದಲ್ಲಿ 40 ದೇಶಗಳ 20,000ಕ್ಕೂ ಹೆಚ್ಚು ಗಾಯಾಳುಗಳಿದ್ದರು, ಭಾರತದವರೂ ಇದ್ದರು. ಸಾವು ಕಡಿಮೆಯಾಯಿತು, ಹೆಪ್ಪಿನ ತೊಂದರೆ ಹೆಚ್ಚಲಿಲ್ಲ. ಆಮೇಲೆ ಮಂಡಿ ಶಸ್ತ್ರಚಿಕಿತ್ಸೆಯಲ್ಲೂ ಈ ಮದ್ದಿನ ಬಳಕೆ ಹರಡಿತು. ಈಗ ಕೆಲವರು ರಕ್ತನಾಳಕ್ಕೆ ಕೊಡುತ್ತಾರೆ, ಕೆಲವರು ಕೀಲಿನೊಳಕ್ಕೇ ಹಾಕುತ್ತಾರೆ.

ಹೆರಿಗೆಯ ರಕ್ತಸ್ರಾವದಲ್ಲೂ ಈ ಮದ್ದು ಜೀವ ಉಳಿಸುತ್ತದೆ ಎಂಬ, ಉತಾಕೊ ಬಯಸಿದ್ದ ಪುರಾವೆ ಬಂದದ್ದು 2017ರಲ್ಲಿ. ಅವರು ಅದರ ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಇಷ್ಟಿದ್ದರೂ ಮದ್ದು ರಕ್ತವನ್ನು ಹುಟ್ಟಿಸಲಾರದು. ರಕ್ತಹೀನತೆಯಿಂದ ಸೊರಗಿದ ರೈತ ಹೆಂಗಸಿಗೆ ಊರಿನ ಹತ್ತಿರದ ಆಸ್ಪತ್ರೆಯಲ್ಲೇ ಹಿಮೋಗ್ಲೋಬಿನ್ ಪರೀಕ್ಷೆಯಾಗಬೇಕು, ಕೊರತೆ ಕಬ್ಬಿಣಾಂಶದ್ದಾದರೆ ಶಸ್ತ್ರಚಿಕಿತ್ಸೆಗೆ ವಾರಗಳ ಮುಂಚೆಯೇ ಮಾತ್ರೆ ಶುರುವಾಗಬೇಕು.