ಕ್ಯಾಪ್ಸೂಲ್ ವಾರ್ಡ್‌ರೋಬ್

ಕ್ಯಾಪ್ಸೂಲ್ ವಾರ್ಡ್‌ರೋಬ್ ಎಂದರೆ ಪರಸ್ಪರ ಹೊಂದಿಕೊಳ್ಳುವ, ಬೇಗನೆ ಹಳತೆನಿಸದ ಕೆಲವೇ ಬಟ್ಟೆಗಳಿಂದ ಕೂಡಿದ ವೈಯಕ್ತಿಕ ಉಡುಪು ಸಂಗ್ರಹ. ವ್ಯಕ್ತಿಯು ತನ್ನ ಉದ್ಯೋಗ, ಊರಿನ ಹವಾಮಾನ, ಮೈಕಟ್ಟು ಹಾಗೂ ಅಭಿರುಚಿಗಳನ್ನು ಗಮನಿಸಿ ಉಡುಗೆಯ ಶೈಲಿಯನ್ನು ಮೊದಲು ನಿರ್ಧರಿಸಿಕೊಂಡು, ಆ ಬಳಿಕ ಅದಕ್ಕೆ ತಕ್ಕ ಬಟ್ಟೆಗಳನ್ನು ಆರಿಸುವುದು ಇದರ ಮೂಲತತ್ತ್ವ.

ಇತಿಹಾಸ

ಈ ಪರಿಕಲ್ಪನೆಯನ್ನು 1970ರ ದಶಕದಲ್ಲಿ ಜನಪ್ರಿಯಗೊಳಿಸಿದವರು ಲಂಡನ್ನಿನ 'ವಾರ್ಡ್‌ರೋಬ್' ಎಂಬ ಉಡುಪು ಮಳಿಗೆಯ ಒಡತಿ ಸೂಸಿ ಫೋ. ಉತ್ತಮ ಗುಣಮಟ್ಟದ ಕೆಲವು ಮೂಲ ಉಡುಪುಗಳನ್ನು ಇಟ್ಟುಕೊಂಡು, ಋತುಮಾನಕ್ಕೆ ತಕ್ಕಂತೆ ಅವುಗಳಿಗೆ ಒಂದೆರಡನ್ನು ಸೇರಿಸಿಕೊಳ್ಳುವುದು ಅವರ ಸಲಹೆಯಾಗಿತ್ತು. 1985ರಲ್ಲಿ ಅಮೆರಿಕದ ವಿನ್ಯಾಸಕಿ ಡೊನ್ನಾ ಕರನ್ 'ಸೆವೆನ್ ಈಸಿ ಪೀಸಸ್' ಎಂಬ ಹೆಸರಿನಲ್ಲಿ, ಉದ್ಯೋಗಸ್ಥ ಮಹಿಳೆಯರಿಗಾಗಿ ಒಂದರೊಡನೊಂದು ಹೊಂದುವ ಉಡುಪುಗಳನ್ನು ರೂಪಿಸಿದರು. 2010ರಲ್ಲಿ ಅಮೆರಿಕದ ಲೇಖಕಿ ಕೋರ್ಟ್ನಿ ಕಾರ್ವರ್ ಆರಂಭಿಸಿದ 'ಪ್ರಾಜೆಕ್ಟ್ 333' ಮೂರು ತಿಂಗಳ ಕಾಲ 33 ವಸ್ತುಗಳನ್ನಷ್ಟೇ ಧರಿಸುವ ಪ್ರಯೋಗ. ಪಾದರಕ್ಷೆ ಮತ್ತು ಆಭರಣಗಳು ಈ ಎಣಿಕೆಯಲ್ಲಿ ಸೇರುತ್ತವೆ. ಒಳ ಉಡುಪು, ಮಲಗುವಾಗಿನ ಬಟ್ಟೆ ಮತ್ತು ಮದುವೆಯ ಉಂಗುರ ಸೇರುವುದಿಲ್ಲ.

ಯೋಜನೆಯ ಕ್ರಮ

ಯೋಜನೆಯು ಅಂಗಡಿಯಿಂದಲ್ಲ, ಮನೆಯ ಬೀರುವಿನಿಂದ ಆರಂಭವಾಗುತ್ತದೆ. ಬಟ್ಟೆಗಳನ್ನೆಲ್ಲ ಹೊರತೆಗೆದು, ಪದೇಪದೇ ಧರಿಸುವಂಥವನ್ನು ಬೇರ್ಪಡಿಸಲಾಗುತ್ತದೆ. ಅವುಗಳಲ್ಲಿ ಸಮಾನವಾಗಿ ಕಾಣುವ ಬಣ್ಣ, ನೂಲು ಮತ್ತು ಹೊಲಿಗೆಯ ವಿನ್ಯಾಸಗಳೇ ಧರಿಸುವವರ ನಿಜವಾದ ಶೈಲಿಯನ್ನು ಸೂಚಿಸುತ್ತವೆ. ನೆನಪನ್ನು ನಂಬಲಾಗದವರು ಹ್ಯಾಂಗರುಗಳನ್ನೆಲ್ಲ ಹಿಮ್ಮುಖವಾಗಿ ತೂಗುಹಾಕಿ, ಧರಿಸಿದ ಬಟ್ಟೆಯ ಹ್ಯಾಂಗರನ್ನು ಮಾತ್ರ ನೇರವಾಗಿ ತಿರುಗಿಸುತ್ತಾರೆ. ಋತುವಿನ ಕೊನೆಯಲ್ಲಿ ಹಿಮ್ಮುಖವಾಗಿಯೇ ಉಳಿದವು ಬಳಕೆಯಾಗದ ಬಟ್ಟೆಗಳು.

ಅನಂತರ ವಾರದ ದಿನಚರಿಯನ್ನು ಬರೆದುಕೊಂಡು ಕಚೇರಿ, ಮನೆಗೆಲಸ, ಪ್ರಯಾಣ, ಸಮಾರಂಭಗಳಿಗೆ ಎಷ್ಟೆಷ್ಟು ಉಡುಪು ಬೇಕೆಂದು ಅಂದಾಜಿಸಬೇಕು. ಒಂದೆರಡು ತಟಸ್ಥ ಬಣ್ಣಗಳನ್ನು ಆಧಾರವಾಗಿಟ್ಟುಕೊಂಡು ಎರಡು ಮೂರು ಉಜ್ವಲ ಬಣ್ಣಗಳನ್ನು ಜೊತೆಗೂಡಿಸುವುದು ರೂಢಿ. ಕೊರತೆಗಳ ಪಟ್ಟಿ ಸಿದ್ಧವಾದ ಮೇಲಷ್ಟೇ ಖರೀದಿ.

ಹೊಂದಾಣಿಕೆಯ ಲೆಕ್ಕ

5 ಅಂಗಿಗಳೂ 4 ಪ್ಯಾಂಟುಗಳೂ ಪರಸ್ಪರ ಒಪ್ಪುವಂತಿದ್ದರೆ 9 ಬಟ್ಟೆಗಳಿಂದ 20 ಜೋಡಿಗಳಾಗುತ್ತವೆ. ಎಲ್ಲ ಪ್ಯಾಂಟುಗಳಿಗೂ ಒಪ್ಪುವ ಇನ್ನೊಂದು ಅಂಗಿ ಬಂದರೆ ಜೋಡಿಗಳು 24. ಒಂದಕ್ಕೆ ಮಾತ್ರ ಒಪ್ಪುವ ಅಂಗಿ ಬಂದರೆ 21. ಆದ್ದರಿಂದ ಬಟ್ಟೆಯೊಂದರ ಉಪಯುಕ್ತತೆಯನ್ನು ಅದರ ಅಂದದಿಂದಷ್ಟೇ ಅಲ್ಲದೆ, ಅದು ಬೀರುವಿನಲ್ಲಿರುವ ಎಷ್ಟು ಬಟ್ಟೆಗಳ ಜೊತೆಗೂಡುತ್ತದೆ ಎಂಬುದರಿಂದಲೂ ಅಳೆಯಬೇಕಾಗುತ್ತದೆ.

ಸೀರೆ ಮತ್ತು ರವಿಕೆ

ಸೀರೆಗೆ ಅಳತೆಯ ಹೊಲಿಗೆಯಿಲ್ಲದ ಕಾರಣ ಮೈಕಟ್ಟು ಬದಲಾದರೂ ಅದು ಉಪಯೋಗಕ್ಕೆ ಬರುತ್ತದೆ. ಅಳತೆಯ ತೊಡಕು ರವಿಕೆಯದು. ಪ್ರತಿ ಸೀರೆಗೂ ಪ್ರತ್ಯೇಕ ರವಿಕೆ ಹೊಲಿಸಿದರೆ ಹೊಲಿಗೆಯ ವೆಚ್ಚ ಏರುತ್ತದೆ. ಉತ್ತರ ಕರ್ನಾಟಕದಲ್ಲಿ ಇಳಕಲ್ ಸೀರೆಯೊಡನೆ ಗುಳೇದಗುಡ್ಡದ ಖಣದ ಕುಪ್ಪಸ ತೊಡುವ ರೂಢಿಯಿದೆ. ಸಾಂಪ್ರದಾಯಿಕ ಇಳಕಲ್ ಸೀರೆಗಳ ಒಡಲಿನ ಬಣ್ಣ ಬೇರೆ ಬೇರೆಯಾದರೂ ಸೆರಗು ಕೆಂಪಾಗಿರುವುದರಿಂದ, ಸೆರಗಿಗೆ ಒಪ್ಪುವ ಒಂದೇ ಕುಪ್ಪಸವನ್ನು ಹಲವು ಸೀರೆಗಳೊಡನೆ ತೊಡಬಹುದು.

ಮಿತಿಗಳು

ಬಟ್ಟೆಗಳ ಸಂಖ್ಯೆಯನ್ನು ಎಲ್ಲೆಡೆಗೂ ಒಂದೇ ಎಂದು ನಿಗದಿಪಡಿಸಲಾಗದು. ಒಗೆದ ಬಟ್ಟೆ ದಿನಗಟ್ಟಲೆ ಒಣಗದ ಮಲೆನಾಡು, ಕರಾವಳಿಗಳ ಮಳೆಗಾಲಕ್ಕೆ ಹೆಚ್ಚಿನ ಜೊತೆಗಳು ಅಗತ್ಯ. ಬಾಳಿಕೆಯ ಬಟ್ಟೆಗೆ ಒಮ್ಮೆಲೇ ಹೆಚ್ಚು ಹಣ ತೆರಬೇಕಾಗುತ್ತದೆ. ಚೆನ್ನಾಗಿರುವ ಹಳೆಯ ಬಟ್ಟೆಗಳನ್ನು ಎಸೆದು ಹೊಸ ಸಂಗ್ರಹವನ್ನೇ ಕೊಂಡರೆ ದುಂದನ್ನು ತಡೆಯುವ ಉದ್ದೇಶವೇ ವಿಫಲವಾಗುತ್ತದೆ. ಮಿತವಾದ ಉಡುಪು ಉಳ್ಳವರಿಗೆ ಆಯ್ಕೆಯಾದರೆ, ಎರಡೇ ಜೊತೆ ಬಟ್ಟೆಗಳಲ್ಲಿ ವರ್ಷ ಕಳೆಯುವವರಿಗೆ ಅನಿವಾರ್ಯತೆ. ಈ ಪದ್ಧತಿಯನ್ನು ಸರಳ ಜೀವನದ ಮಾದರಿಯೆಂದು ಹೊಗಳುವಾಗ ಈ ವ್ಯತ್ಯಾಸವನ್ನು ಮರೆಯುವಂತಿಲ್ಲ.