ಕ್ರೀಡಾ ಕಾರ್ಡ್ ಸಂಗ್ರಹ: ಬೆಂಗಳೂರು ದಂಡು ಮತ್ತು ಪೂರ್ವ ಬಡಾವಣೆಗಳು

ಆಟಗಾರರ ಚಿತ್ರ ಮತ್ತು ಅವರ ಅಂಕಿಅಂಶಗಳನ್ನು ಮುದ್ರಿಸಿದ ಸಣ್ಣ ರಟ್ಟಿನ ಚೀಟಿಗಳನ್ನು ಸರಣಿಯಾಗಿ ಕೂಡಿಡುವ ಹವ್ಯಾಸವನ್ನು ಕ್ರೀಡಾ ಕಾರ್ಡ್ ಸಂಗ್ರಹ ಎನ್ನಲಾಗುತ್ತದೆ. ಭಾರತದಲ್ಲಿ ಇದು 1980ರ ದಶಕದ ಬಬಲ್‌ಗಮ್ಮಿನ ಜೊತೆಗೆ ಹುಟ್ಟಿತೆಂಬ ಹೇಳಿಕೆ ವಾಡಿಕೆಯಲ್ಲಿದೆಯಾದರೂ, 1809ರಲ್ಲಿ ಬೆಂಗಳೂರಿನ ಹಲಸೂರಿನ ಬಳಿ ನೆಲೆಗೊಂಡ ಬ್ರಿಟಿಷ್ ದಂಡಿನ ಮಟ್ಟಿಗೆ ಆ ಕಾಲನಿರ್ಣಯವನ್ನು ಒಪ್ಪಲಾಗದು. ಭಾರತದ ಸೇನಾ ನೆಲೆಗಳನ್ನೇ ಗಿರಾಕಿಯಾಗಿಟ್ಟುಕೊಂಡ ಸಿಗರೇಟು ಕಾರ್ಡುಗಳು ಬಬಲ್‌ಗಮ್ಮಿಗಿಂತ ಸುಮಾರು ಮುಕ್ಕಾಲು ಶತಮಾನ ಹಿಂದಿನವು.

ಸಿಗರೇಟು ಕಾರ್ಡು ಮೊದಲಿಗೆ ಕಾಗದದ ಪೊಟ್ಟಣ ಬಾಗದಂತೆ ಒಳಗಿಡುತ್ತಿದ್ದ ರಟ್ಟಿನ ತುಂಡಷ್ಟೇ ಆಗಿತ್ತು. ಅದರ ಮೇಲೆ ಚಿತ್ರ ಮುದ್ರಿಸುವ ಪದ್ಧತಿ ಅಮೆರಿಕದಲ್ಲಿ ಆರಂಭವಾಯಿತು. ಇಂಗ್ಲೆಂಡಿನ ವಿಲ್ಸ್ ಕಂಪನಿ 1896ರಲ್ಲಿ 50 ಕ್ರಿಕೆಟಿಗರ ಸರಣಿಯನ್ನು ಹೊರತಂದಿತು. ಮುಂದೆ ಸಾಮಾನ್ಯ ಅಳತೆಯಾಗಿ ನೆಲೆನಿಂತ ಕಾರ್ಡು ಸುಮಾರು 67 ಮಿಲಿಮೀಟರ್ ಉದ್ದ, 36 ಮಿಲಿಮೀಟರ್ ಅಗಲದ್ದು. ಮುಂಬದಿಯಲ್ಲಿ ಬಣ್ಣದ ಚಿತ್ರ, ಹಿಂಬದಿಯಲ್ಲಿ ಸರಣಿಯ ಹೆಸರು ಮತ್ತು ತಯಾರಕರ ಗುರುತು ಇರುತ್ತಿದ್ದವು. ವಿಲ್ಸ್‌ನವರ ಸಿಸರ್ಸ್ ಬ್ರ್ಯಾಂಡು ಭಾರತದಲ್ಲಿದ್ದ ಬ್ರಿಟಿಷ್ ಸಿಪಾಯಿಗಳಲ್ಲಿ ಹೆಚ್ಚು ಬಳಕೆಯಲ್ಲಿದ್ದು, ಅದರ ಪೊಟ್ಟಣಗಳಲ್ಲಿ ಮುಷ್ಟಿಮಲ್ಲರ, ಕುದುರೆ ಜಾಕಿಗಳ, ನಟಿಯರ ಸರಣಿಗಳ ಜೊತೆಗೆ 1912ರಲ್ಲಿ ಭಾರತೀಯ ರೆಜಿಮೆಂಟುಗಳ ಸರಣಿಯೂ ಬಂದಿತು.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕಾಗುತ್ತದೆ. 1910ರಲ್ಲಿ ಕಲ್ಕತ್ತೆಯಲ್ಲಿ ನೋಂದಣಿಯಾದ ಇಂಪೀರಿಯಲ್ ಟೊಬ್ಯಾಕೊ ಕಂಪನಿ, ಅಂದರೆ ಇಂದಿನ ಐಟಿಸಿ, 1913ರಲ್ಲಿ ಬೆಂಗಳೂರಿನಲ್ಲಿ ಸಿಗರೇಟು ಕಾರ್ಖಾನೆ ತೆರೆದು, ಫ್ರೇಜರ್ ಟೌನಿಗೆ ಅಂಟಿಕೊಂಡ ಪ್ರದೇಶದಲ್ಲಿ ದಶಕಗಳ ಕಾಲ ನಡೆಸಿತು. ಸಿಸರ್ಸ್ ಕೂಡ ಈ ಕಂಪನಿ ಮಾರಿದ ಬ್ರ್ಯಾಂಡಾದ್ದರಿಂದ, ಇದನ್ನು ಆಧರಿಸಿ ಅದರ ಕಾರ್ಡುಗಳನ್ನೆಲ್ಲ ಬೆಂಗಳೂರಿನವೆಂದು ಕರೆಯುವುದು ಕಾಲಕ್ರಮಕ್ಕೆ ಹೊಂದುವುದಿಲ್ಲ. ರೆಜಿಮೆಂಟುಗಳ ಸರಣಿಯಂತೂ ಕಾರ್ಖಾನೆಗಿಂತ ಒಂದು ವರ್ಷ ಹಳೆಯದು. ಸಂಗ್ರಾಹಕರ ಸೂಚಿಗಳು ಕಾರ್ಡನ್ನು ತಯಾರಕರ ಮತ್ತು ಬ್ರ್ಯಾಂಡಿನ ಹೆಸರಿನಡಿ ಪಟ್ಟಿ ಮಾಡುತ್ತವೆಯೇ ಹೊರತು ಮಾರಾಟವಾದ ಊರಿನ ಹೆಸರಿನಲ್ಲಲ್ಲವಾದ್ದರಿಂದ, ದಂಡಿನ ಕಾರ್ಡುಗಳೆಂಬ ಪ್ರತ್ಯೇಕ ವರ್ಗವೇ ಸೂಚಿಗಳಲ್ಲಿ ಏರ್ಪಡಲಿಲ್ಲ. ಎರಡನೆಯ ಮಹಾಯುದ್ಧದ ಕಾಗದದ ಅಭಾವದಿಂದ 1940ರಲ್ಲಿ ಬ್ರಿಟನ್ನಿನಲ್ಲಿ ಸಿಗರೇಟು ಕಾರ್ಡುಗಳ ಮುದ್ರಣ ನಿಂತಿತು.

ಮುಂದಿನ ಹಂತವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. 1987ರ ವಿಶ್ವಕಪ್ಪಿನ ಆಸುಪಾಸಿನಲ್ಲಿ ಬಿಗ್ ಫನ್ ಬಬಲ್‌ಗಮ್ಮಿನ ಜೊತೆ ರನ್ನು ಮತ್ತು ವಿಕೆಟ್ಟುಗಳನ್ನು ನಮೂದಿಸಿದ ಚೀಟಿಗಳು ಬರುತ್ತಿದ್ದವು. 1990ರ ದಶಕದಲ್ಲಿ ಟ್ರಂಪ್ ಕಾರ್ಡುಗಳು, ಎಂದರೆ ಇಬ್ಬರು ಮಕ್ಕಳು ತಮ್ಮ ಕೈಯಲ್ಲಿನ ಆಟಗಾರನ ಪಂದ್ಯ, ರನ್ನು ಅಥವಾ ವಿಕೆಟ್ಟಿನ ಸಂಖ್ಯೆಯನ್ನು ಕೂಗಿ, ಹೆಚ್ಚಿದ್ದವರು ಎದುರಾಳಿಯ ಕಾರ್ಡನ್ನು ಗೆದ್ದುಕೊಳ್ಳುವ ಕಟ್ಟುಗಳು, ಶಾಲೆಗಳಲ್ಲಿ ಹರಡಿದವು. 1999ರಲ್ಲಿ ಬ್ರಿಟಾನಿಯ ಕಂಪನಿ ಬಿಸ್ಕತ್ತಿನ ಹೊದಿಕೆಗಳಲ್ಲಿ ರನ್ನುಗಳನ್ನು ಮುದ್ರಿಸಿ, ನೂರು ಕೂಡಿಸಿದವರಿಗೆ ಪುಸ್ತಿಕೆಯನ್ನೂ ಅದೃಷ್ಟವಿದ್ದವರಿಗೆ ಇಂಗ್ಲೆಂಡ್ ಪ್ರವಾಸವನ್ನೂ ಕೊಟ್ಟಿತು. 2010ರ ದಶಕದ ಆರಂಭದಲ್ಲಿ ಟಾಪ್ಸ್ ಕಂಪನಿಯ ಕ್ರಿಕೆಟ್ ಅಟ್ಯಾಕ್ಸ್ ಕಾರ್ಡುಗಳ ಮೂಲಕ ಐಪಿಎಲ್ ತಂಡಗಳು, ಅವುಗಳಲ್ಲಿ ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ಕೂಡ, ಮಕ್ಕಳ ಆಲ್ಬಮ್ ಸೇರಿದವು.

ಇಷ್ಟೂ ಕಾಲ ಕಾರ್ಡು ಇನ್ನೊಂದು ಸರಕಿನ ಬೆನ್ನೇರಿಯೋ ಮಕ್ಕಳ ಆಟಿಕೆಯಾಗಿಯೋ ಬಂದುದರಿಂದ, ಈಗಾಗಲೇ ಹೆಸರಾದ ಆಟಗಾರನಿಗೇ ಅದರಲ್ಲಿ ಹೆಚ್ಚಾಗಿ ಸ್ಥಾನ ಸಿಕ್ಕಿತು. ಅಮೆರಿಕದ ಬೇಸ್‌ಬಾಲ್ ಸಂಗ್ರಾಹಕರ ರೂಢಿ ಬೇರೆ. ಅಲ್ಲಿ ಪ್ರತಿ ಪ್ರಮುಖ ತಂಡಕ್ಕೂ ಮೈನರ್ ಲೀಗ್ ಎಂಬ ಕೆಳಹಂತದ ತಂಡಗಳಿದ್ದು, ಮುಂದೆ ಬೆಳಗಬಹುದಾದ ಹುಡುಗರ ಕಾರ್ಡುಗಳನ್ನು ಬೆಲೆ ಏರುವ ನಿರೀಕ್ಷೆಯಲ್ಲಿ ಅಭಿಮಾನಿಗಳು ಮೊದಲೇ ಕೊಂಡಿಡುತ್ತಾರೆ. 1989ರಲ್ಲಿ ಟಾಪ್ಸ್ ಮತ್ತೆ ಚಾಲ್ತಿಗೆ ತಂದ ಬೌಮನ್ ಸರಣಿ ಇದಕ್ಕೇ ಹೆಸರುವಾಸಿಯಾಯಿತು. ಕರ್ನಾಟಕದಲ್ಲಿ 2009ರಿಂದ ಕರ್ನಾಟಕ ಪ್ರೀಮಿಯರ್ ಲೀಗ್, 2022ರಿಂದ ಮಹಾರಾಜ ಟ್ರೋಫಿ ಉದಯೋನ್ಮುಖರಿಗೆ ವೇದಿಕೆಯಾದರೂ, ಅವುಗಳ ತಂಡಗಳು ಯಾವ ಐಪಿಎಲ್ ತಂಡದ ಕೆಳಹಂತವೂ ಅಲ್ಲವಾದ್ದರಿಂದ, ನೆಚ್ಚಿನ ತಂಡದ ನಾಳಿನ ಆಟಗಾರನನ್ನು ಇಂದೇ ಸಂಗ್ರಹಿಸುವ ಏಣಿ ಇಲ್ಲಿ ರೂಪುಗೊಳ್ಳಲಿಲ್ಲವೆನ್ನಬಹುದು.

ಆ ಬಗೆಯ ಬೆಲೆಯೇರಿಕೆಯ ಲೆಕ್ಕಾಚಾರ ಭಾರತಕ್ಕೆ ಬಂದದ್ದು ರಟ್ಟಿನ ಬದಲು ಡಿಜಿಟಲ್ ರೂಪದಲ್ಲಿ, ಮತ್ತು ಅದರ ದಾಖಲೆ ಉಳಿದಿರುವುದು ನ್ಯಾಯಾಲಯದ ಕಡತದಲ್ಲಿ. ಎನ್‌ಎಫ್‌ಟಿ, ಎಂದರೆ ಬ್ಲಾಕ್‌ಚೈನ್ ಎಂಬ ಹಂಚಿಕೆಯ ಲೆಕ್ಕಪುಸ್ತಕದಲ್ಲಿ ಒಡೆತನ ನಮೂದಾಗುವ ಡಿಜಿಟಲ್ ಕಾರ್ಡುಗಳ ವ್ಯಾಪಾರ ನಡೆಸುತ್ತಿದ್ದ ರಾರಿಯೊ ವೇದಿಕೆಯ ಕಂಪನಿ ಕ್ರಿಕೆಟಿಗರಿಂದ ಅವರ ಹೆಸರು ಮತ್ತು ಚಿತ್ರ ಬಳಸುವ ಹಕ್ಕನ್ನು ಪಡೆದಿತ್ತು. ಬೆಂಗಳೂರಿನ ಮೊಬೈಲ್ ಪ್ರೀಮಿಯರ್ ಲೀಗ್ ಸಮೂಹಕ್ಕೆ ಸೇರಿದ ಸ್ಟ್ರೈಕರ್ ಆ್ಯಪ್ ಆಟಗಾರರ ಒಪ್ಪಿಗೆಯಿಲ್ಲದೆ ಕಾರ್ಡುಗಳನ್ನು ಮಾರುತ್ತಿದೆಯೆಂದು ರಾರಿಯೊ ದೆಹಲಿ ಹೈಕೋರ್ಟಿಗೆ ಹೋದಾಗ, ಆಗ ರಾಯಲ್ ಚಾಲೆಂಜರ್ಸ್‌ನಲ್ಲಿದ್ದ ಮೊಹಮ್ಮದ್ ಸಿರಾಜ್, ಹರ್ಷಲ್ ಪಟೇಲ್ ಅವರೊಂದಿಗೆ ಉದಯೋನ್ಮುಖ ವೇಗಿಗಳಾದ ಉಮ್ರಾನ್ ಮಲಿಕ್, ಶಿವಂ ಮಾವಿ ಅವರೂ ವಾದಿಗಳಾಗಿದ್ದರು. 2023ರ ಏಪ್ರಿಲ್ 26ರಂದು ನ್ಯಾಯಮೂರ್ತಿ ಅಮಿತ್ ಬನ್ಸಲ್ ಮಧ್ಯಂತರ ತಡೆಯಾಜ್ಞೆ ನಿರಾಕರಿಸಿದರು: ಸಾರ್ವಜನಿಕವಾಗಿ ಲಭ್ಯವಿರುವ ಹೆಸರು ಮತ್ತು ಅಂಕಿಅಂಶಗಳು ಯಾರೊಬ್ಬರ ಸ್ವತ್ತಲ್ಲ, ಸ್ಟ್ರೈಕರ್‌ನ ಕಾರ್ಡುಗಳಲ್ಲಿ ಇರುವುದು ಛಾಯಾಚಿತ್ರದ ಬದಲು ಕಲಾವಿದರ ರೇಖಾಚಿತ್ರ, ಪ್ರಚಾರದ ಹಕ್ಕು ಸಂವಿಧಾನದ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಒಳಪಟ್ಟದ್ದು ಎಂಬುವು ಆದೇಶದ ಮುಖ್ಯಾಂಶಗಳು.

ಪ್ರಚಾರದ ಹಕ್ಕು ಎಂದರೆ ತನ್ನ ಹೆಸರು ಮತ್ತು ರೂಪದ ವಾಣಿಜ್ಯ ಬಳಕೆಯನ್ನು ನಿಯಂತ್ರಿಸುವ ಹಕ್ಕು. ಈ ಕಲ್ಪನೆಗೆ ಕಾನೂನಿನಲ್ಲಿ ಹೆಸರು ಬಂದುದೂ ಕಾರ್ಡಿನ ಜಗಳದಿಂದಲೇ ಎಂಬುದನ್ನು ಗಮನಿಸಬೇಕು: ಬೇಸ್‌ಬಾಲ್ ಆಟಗಾರರ ಚಿತ್ರಗಳಿಗಾಗಿ ಟಾಪ್ಸ್ ಮತ್ತು ಹೇಲನ್ ಲ್ಯಾಬೊರೇಟರೀಸ್ ಎಂಬ ಎರಡು ಚ್ಯೂಯಿಂಗ್ ಗಮ್ ಕಂಪನಿಗಳು ಹೋರಾಡಿದ ಮೊಕದ್ದಮೆಯಲ್ಲಿ, 1953ರಲ್ಲಿ ಅಮೆರಿಕದ ನ್ಯಾಯಾಲಯ ಅದನ್ನು ಮೊದಲ ಬಾರಿಗೆ ಮಾನ್ಯ ಮಾಡಿತ್ತು. ಅಲ್ಲಿ ಆಟಗಾರನ ಹಕ್ಕನ್ನು ಸ್ಥಾಪಿಸಿದ ಕಾರ್ಡು, ಏಳು ದಶಕಗಳ ಬಳಿಕ ದೆಹಲಿಯಲ್ಲಿ ಆ ಹಕ್ಕಿನ ಮೇರೆಯನ್ನು ತೋರಿಸಿತು. 2025ರ ಆಗಸ್ಟಿನಲ್ಲಿ ಹಣ ತೊಡಗಿಸಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ ಸಂಸತ್ತಿನ ಒಪ್ಪಿಗೆ ದೊರೆತ ಬಳಿಕ, ಸ್ಟ್ರೈಕರ್ ಆ್ಯಪ್ ಸೇರಿದ್ದ ಮೊಬೈಲ್ ಪ್ರೀಮಿಯರ್ ಲೀಗ್ ಸಮೂಹ ಭಾರತದಲ್ಲಿ ಅಂಥ ಆಟಗಳನ್ನು ನಿಲ್ಲಿಸಿತು.